ಅಮ್ನೋರ ಪಿಕಪ್ಪಿನ ಎರಡು ಕೊಕ್ಕೆ

ಆ ಎರಡು ಕೊಕ್ಕೆಗಳನ್ನು ಗಾಡಿಯಿಂದ ಬಿಚ್ಚುವುದಕ್ಕೇ ನನಗೆ ಒಂದೂವರೆ ದಿನ ಹಿಡಿಯಿತು. ಪಿಕಪ್ಪಿನ ಹಿಂದಿನ ಬಂಪರಿನ ಕೆಳಗೆ ಎಡಕ್ಕೊಂದು ಬಲಕ್ಕೊಂದು ಇದ್ದವು, ಎತ್ತಿನ ಕೊಂಬಿನಷ್ಟು ದಪ್ಪ. ಕೆಸರಲ್ಲಿ ಹೂತ ಗಾಡಿಗಳಿಗೆ ಸರಪಳಿ ಹಾಕಿ ಎಳೆಯುವುದಕ್ಕೆ ಅಂತ ಇದ್ದ ಕೊಕ್ಕೆಗಳು. ಒಂದು ಕಾಲಕ್ಕೆ ಅವುಗಳ ಮೇಲೆ ಮುಖ ನೋಡಿಕೊಳ್ಳುವಂಥ ಕ್ರೋಮ್ ಇತ್ತಂತೆ. ನನ್ನ ಹತ್ತಿರ ಬಂದಾಗ ಆ ಕ್ರೋಮ್ ಅಲ್ಲಲ್ಲಿ ಗುಳ್ಳೆ ಎದ್ದು, ಒಡೆದು, ಒಳಗಿನ ತುಕ್ಕು ಕೆಂಪಗೆ ಕಾಣುತ್ತಿತ್ತು. ಬೋಲ್ಟು ಯಾವುದು, ನಟ್ಟು ಯಾವುದು ಅಂತ ಗುರುತು ಸಿಗದ ಹಾಗೆ ಎರಡೂ ಒಂದೇ ಮುದ್ದೆಯಾಗಿದ್ದವು.

ಸೀಮೆಎಣ್ಣೆ ಸುರಿದು ಒಂದು ರಾತ್ರಿ ಬಿಟ್ಟೆ. ಬೆಳಗ್ಗೆ ಸ್ಪ್ಯಾನರ್‌ಗೆ ಪೈಪು ತೂರಿಸಿ ತೂಗಿದರೆ ಸ್ಪ್ಯಾನರೇ ಜಾರಿ ನನ್ನ ಬೆರಳ ಗೆಣ್ಣಿನ ಚರ್ಮ ಕಿತ್ತುಹೋಯಿತು. ಆಮೇಲೆ ಗ್ಯಾಸ್ ಕಟ್ಟರ್ ಹಚ್ಚಿ ನಾಲ್ಕೂ ನಟ್ಟುಗಳನ್ನು ಕೆಂಪಗೆ ಕಾಯಿಸಿದೆ. ಮೂರು ಬಿಚ್ಚಿಕೊಂಡವು. ನಾಲ್ಕನೆಯದನ್ನು ಚಾಣದಿಂದ ಕಡಿಯಬೇಕಾಯಿತು.

ಇದು ತಿಪಟೂರಿನಲ್ಲಿ, ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಡೆದದ್ದು. ಕೊಬ್ಬರಿ ಮಂಡಿಗಳ ಹಿಂದಿನ ಓಣಿಯಲ್ಲಿ ನನ್ನದೊಂದು ತಗಡಿನ ಶೆಡ್ಡು. ಬೆಂಗಳೂರಿನ ಒಂದು ಪ್ಲೇಟಿಂಗ್ ಕಾರ್ಖಾನೆಯಲ್ಲಿ ಮೇಸ್ತ್ರಿಯೊಬ್ಬರ ಕೈಕೆಳಗೆ ಕೆಲಸ ಕಲಿತು ಬಂದು, ನಿಕಲ್ಲಿಗೊಂದು ಕ್ರೋಮ್‌ಗೊಂದು ತೊಟ್ಟಿ ಇಟ್ಟುಕೊಂಡಿದ್ದೆ. ಸೈಕಲ್ ಹ್ಯಾಂಡಲ್ಲು, ಮಡ್‌ಗಾರ್ಡು, ಕ್ಷೌರದಂಗಡಿಯ ಕುರ್ಚಿಯ ಕೈ, ಇಂಥವು ಬರುತ್ತಿದ್ದವು. ತೊಟ್ಟಿಗಳ ಕೆಳಗೆ ಉರಿ ಹಾಕಲು ಕರಟ. ಊರಿನಲ್ಲಿ ಕರಟಕ್ಕೆ ಬರವಿರಲಿಲ್ಲ. ಬೆಳಗ್ಗೆ ಅಕ್ಕಪಕ್ಕದ ಮಂಡಿಗಳಲ್ಲಿ ಹೆಂಗಸರು ಕಾಯಿ ಒಡೆದು ಉಂಡೆ ಕೊಬ್ಬರಿ ಬಿಡಿಸುತ್ತಾ ಕೂತರೆ ಟಕ್ ಟಕ್ ಅಂತ ಓಣಿಯೆಲ್ಲಾ ಒಂದೇ ತಾಳ. ಆ ಸದ್ದು ಶುರುವಾದರೆ ನಾನು ಉರಿ ಹಚ್ಚುವ ಹೊತ್ತಾಯಿತು ಅಂತ ಲೆಕ್ಕ. ಗಡಿಯಾರ ಇಟ್ಟಿರಲಿಲ್ಲ.

ಪಿಕಪ್ಪು ತಂದವನು ಡ್ರೈವರಣ್ಣ. ಐವತ್ತು ದಾಟಿದ್ದ, ಖಾಕಿ ಅಂಗಿ, ಕೊರಳಿಗೆ ಸುತ್ತಿದ ಟವೆಲ್ಲು. ಮುಂದಿನ ಸೀಟಿನಲ್ಲಿ ಗಾಡಿಯ ಒಡತಿ ಕೂತಿದ್ದರು. ಸಂಪಿಗೆ ಹತ್ತಿರದ ಒಂದು ಹಳ್ಳಿಯವರು, ದೊಡ್ಡ ತೆಂಗಿನ ತೋಟದ ಮನೆತನ. ಎಲ್ಲರೂ ಅವರನ್ನು ಅಮ್ನೋರು ಅಂತಲೇ ಕರೆಯುತ್ತಿದ್ದರು. ಅವರ ಯಜಮಾನರು ಹಿಂದಿನ ವರ್ಷ ಆಯುಧಪೂಜೆಗೆ ಇನ್ನೇನು ವಾರ ಇದೆ ಅನ್ನುವಾಗ ತೀರಿಕೊಂಡಿದ್ದರು. ಆ ಸಲ ಗಾಡಿಗೆ ಪೂಜೆ ಆಗಿರಲಿಲ್ಲ.

"ಈ ಸಲ ಮಾಡ್ಬೇಕು ಕಣಪ್ಪ," ಅಂದರು ಅಮ್ನೋರು, ಕೆಳಗಿಳಿದು ಕೊಕ್ಕೆಯ ಪಕ್ಕ ನಿಂತು. "ಅವ್ರು ಇಟ್ಕಂಡಿದ್ದಂಗೆ ಇರ್ಬೇಕು. ಹೊಳೀಬೇಕು."

"ಎಳೆಯೋ ಹುಕ್ಕಿಗೆ ಕ್ರೋಮ್ ಹಾಕ್ಸಿದ್ದು ಯಾಕೆ ಅಮ್ಮಾ?" ಅಂತ ಕೇಳಿದೆ. ನಿಜವಾಗಿಯೂ ಅಲ್ಲಿಯವರೆಗೆ ಅಂಥದ್ದನ್ನು ನಾನು ನೋಡಿರಲಿಲ್ಲ.

ಉತ್ತರ ಕೊಟ್ಟದ್ದು ಡ್ರೈವರಣ್ಣ. "ಗಾಡಿನ ಮಿಲಿಟರಿ ಹರಾಜಲ್ಲಿ ತಂದ್ರು. ಬೆಂಗ್ಳೂರಿಗೆ ತಗಂಡೋಗಿ ಹುಕ್ಕಿಗೆ ಹೊಳಪು ಹಾಕ್ಸಿದ್ರು. ಊರೆಲ್ಲಾ ನಗಾಡ್ತು. ಅದಕ್ಕವ್ರು, 'ಕೆಸರಲ್ಲಿ ಸಿಕ್ಕಂಡಿರೋನಿಗೆ ದೂರದಿಂದ್ಲೇ ಕಾಣ್ಬೇಕು ಕಣ್ಲಾ, ಆಗ ಜೀವಕ್ಕೆ ಧೈರ್ಯ ಬತ್ತದೆ' ಅಂದ್ರು."

ಅಮ್ನೋರು ಆ ಕಡೆ ತಿರುಗಿ ನಿಂತರು. ಹಬ್ಬಕ್ಕೆ ಹದಿನೈದು ದಿನ ಇತ್ತು. ಆಗಲಿ ಅಂದೆ.

ಕ್ರೋಮ್ ಇಷ್ಟೊಂದು ಯಾಕೆ ಹಾಳಾಯಿತು ಅನ್ನುವುದು ಬಿಚ್ಚಿದ ಮೇಲೆ ಗೊತ್ತಾಯಿತು. ವರ್ಷಕ್ಕೊಮ್ಮೆ ತೆಂಗಿನ ಬುಡಕ್ಕೆ ಹಾಕಲು ಉಪ್ಪಿನ ಮೂಟೆಗಳನ್ನು ಇದೇ ಗಾಡಿಯಲ್ಲಿ ಹೊಡೆಯುತ್ತಿದ್ದರು. ಮೂಟೆ ನೀರೊಡೆದು, ಹಲಗೆಯ ಸಂದಿನಿಂದ ತೊಟ್ಟಿಕ್ಕಿ ನೇರ ಕೊಕ್ಕೆಗಳ ನೆತ್ತಿಯ ಮೇಲೆ ಬೀಳುತ್ತಿತ್ತು. ಅದೊಂದೇ ಆಗಿದ್ದರೆ ಇಷ್ಟಾಗುತ್ತಿರಲಿಲ್ಲ. ಕ್ರೋಮ್ ಮೇಲೆ ಸಣ್ಣ ಸಣ್ಣ ಗೀರು ತುಂಬಿದ್ದವು.

"ಯಾವುದ್ರಲ್ಲಿ ಉಜ್ಜುತಿದ್ರಿ ಅಣ್ಣಾ?"

"ಇಟ್ಟಿಗೆ ಪುಡಿ, ತೆಂಗಿನ ನಾರು. ವಾರಕ್ಕೊಂದ್ಸಲ ತಪ್ಪಿಸ್ತಿರ್ಲಿಲ್ಲ," ಅಂದ ಡ್ರೈವರಣ್ಣ, ಹೆಮ್ಮೆಯಿಂದ. "ಯಜಮಾನ್ರು ಹೋದ್ಮೇಲೆ ಎರಡು ಸಲ ಉಜ್ಜೀನಿ ವಾರಕ್ಕೆ."

ಕ್ರೋಮ್ ಪದರ ಕೂದಲಿಗಿಂತ ತೆಳು. ಇಟ್ಟಿಗೆ ಪುಡಿಯೇ ಅದನ್ನು ತಿಂದು ಉಪ್ಪಿಗೆ ದಾರಿ ಮಾಡಿಕೊಟ್ಟಿತ್ತು. ಅದನ್ನು ಅವನಿಗೆ ಹೇಳಲಿಲ್ಲ. "ಇನ್ಮೇಲೆ ಬರೀ ಬಟ್ಟೇಲಿ ಒರೆಸಿ, ಮೇಲೊಂದಿಷ್ಟು ಕೊಬ್ಬರಿ ಎಣ್ಣೆ ಸವರಿ," ಅಂದೆ ಅಷ್ಟೆ.

ಕೆಲಸ ಶುರುವಾಯಿತು. ಮೊದಲು ಹಳೆಯ ಕ್ರೋಮ್ ಇಳಿಸಬೇಕು. ಮ್ಯೂರಿಯಾಟಿಕ್ ಆಸಿಡ್‌ನಲ್ಲಿ ಮುಳುಗಿಸಿದರೆ ನೊರೆ ಎದ್ದು ದ್ರಾವಣ ಹಸಿರಾಗುತ್ತದೆ. ಆಮೇಲೆ ಗಂಧಕದ ಆಸಿಡ್‌ನಲ್ಲಿಟ್ಟು ಕರೆಂಟನ್ನು ಉಲ್ಟಾ ಕೊಟ್ಟರೆ ಕೆಳಗಿನ ನಿಕಲ್ಲೂ ಬಿಡುತ್ತದೆ. ಉಳಿದ ತುಕ್ಕಿಗೆ ಮತ್ತೆ ಆಸಿಡ್. ಹೊರಗೆ ತೆಗೆದು ನೀರಲ್ಲಿ ತೊಳೆದು ನೋಡಿದರೆ ಎರಡು ಕೊಕ್ಕೆ ಒಂದೇ ಥರ ಇರಲಿಲ್ಲ. ಬಲಗಡೆಯದು ಅಚ್ಚಿನಲ್ಲಿ ಬಂದ ಕಂಪನಿ ಮಾಲು, ನುಣುಪು. ಎಡಗಡೆಯದರ ಮೈಮೇಲೆ ಸುತ್ತಿಗೆಯ ಏಟಿನ ಗುರುತುಗಳಿದ್ದವು.

"ಅದಾ? ಹರಾಜಲ್ಲಿ ಬಂದಾಗ ಒಂದೇ ಹುಕ್ಕು ಇದ್ದಿದ್ದು," ಅಂದ ಕೆಲಸ ನೋಡಲು ಬಂದಿದ್ದ ಡ್ರೈವರಣ್ಣ. "ಇನ್ನೊಂದ್ನ ನಮ್ಮೂರ ಆಚಾರ್ರು ಮಾಡಿದ್ರು, ಲಾರಿ ಆಕ್ಸಲ್ ತುಂಡಲ್ಲಿ. ಕಂಪನಿದಕ್ಕಿಂತ ಅದೇ ಗಟ್ಟಿ ಅಂತಿದ್ರು ಯಜಮಾನ್ರು."

ಅರ ಹಾಕಿ ನೋಡಿದೆ. ಅರ ಜಾರಿತು. ಒಳ್ಳೆ ಹದ ಹಾಕಿದ ಉಕ್ಕು. ಆಚಾರ್ರ ಕೈ ನೆನೆದು ಖುಷಿಯಾಯಿತು.

ತುಕ್ಕು ತಿಂದ ಕಡೆಯೆಲ್ಲಾ ಸಾಸಿವೆ ಕಾಳಿನಂಥ ಗುಳಿಗಳು. ಗುಳಿ ಹೋಗುವವರೆಗೆ ಎಮರಿ ಸಾಣೆಚಕ್ರಕ್ಕೆ ಹಿಡಿಯಬೇಕು, ಮೊದಲು ಒರಟು, ಆಮೇಲೆ ನಯ, ಆಮೇಲೆ ಇನ್ನೂ ನಯ. ಕೊಕ್ಕೆಯ ಒಳಭಾಗಕ್ಕೆ ಚಕ್ರ ಹೋಗುವುದಿಲ್ಲ. ಅಲ್ಲಿ ಎಮರಿ ಬಟ್ಟೆಯನ್ನು ಪಟ್ಟಿ ಹರಿದು, ಮಜ್ಜಿಗೆ ಕಡೆಯುವ ಹಗ್ಗದ ಹಾಗೆ ಎರಡೂ ಕೈಯಲ್ಲಿ ಹಿಂದೆ ಮುಂದೆ ಎಳೆಯಬೇಕು. ಮೂರು ದಿನ ಅದೇ ಆಯಿತು. ಸಂಜೆ ಮೂಗು ಸೀನಿದರೆ ಕಪ್ಪು. ಕೊನೆಗೆ ಬಟ್ಟೆಯ ಬಫ್ಫು ಚಕ್ರಕ್ಕೆ ಪಾಲಿಶ್ ಸೋಪು ಹಚ್ಚಿ ಹಿಡಿದಾಗ ಉಕ್ಕು ತನ್ನ ಬಣ್ಣ ತೋರಿಸಿತು. ಕ್ರೋಮ್ ಹಾಕುವ ಮುಂಚಿನ ಆ ಬರೀ ಉಕ್ಕಿನ ಹೊಳಪು ನನಗೆ ಇವತ್ತಿಗೂ ಇಷ್ಟ. ಸ್ವಲ್ಪ ನೀಲಿ, ಸ್ವಲ್ಪ ಬೂದಿ, ಒಂದು ಗಂಟೆ ಗಾಳಿಗಿಟ್ಟರೆ ಮಸುಕಾಗುವಂಥದ್ದು.

ಕಾಸ್ಟಿಕ್ ನೀರಲ್ಲಿ ಕುದಿಸಿ, ಸುಣ್ಣ ಹಚ್ಚಿ ತಿಕ್ಕಿ, ಮೇಲೆ ನೀರು ಸುರಿದೆ. ಜಿಡ್ಡಿದ್ದರೆ ನೀರು ಹನಿಹನಿಯಾಗಿ ಒಡೆಯುತ್ತದೆ. ಒಡೆಯಲಿಲ್ಲ, ಮೈತುಂಬಾ ಹೊದಿಕೆಯ ಹಾಗೆ ಹರಡಿತು. ತಾಮ್ರದ ಒಂದು ತೆಳು ಪದರ ಕೊಟ್ಟು ನಿಕಲ್ ತೊಟ್ಟಿಗೆ ಇಳಿಸಿದೆ. ಕರಟದ ಉರಿ ಹದವಾಗಿತ್ತು. ಇಪ್ಪತ್ತು ನಿಮಿಷ ಆಗಿರಬೇಕು, ಕರೆಂಟು ಹೋಯಿತು.

ಆ ಕಾಲದಲ್ಲಿ ಕರೆಂಟು ಹೋಗುವುದು ದೊಡ್ಡ ಸುದ್ದಿಯಲ್ಲ. ಆದರೆ ನಿಕಲ್ ಅರ್ಧಕ್ಕೆ ನಿಂತರೆ, ಮತ್ತೆ ಕರೆಂಟು ಬಂದು ಅದರ ಮೇಲೆ ಕೂರುವ ಪದರ ಕೆಳಗಿನದಕ್ಕೆ ಅಂಟುವುದಿಲ್ಲ. ಅದು ಗೊತ್ತಿದ್ದೂ ಅದೃಷ್ಟ ನೋಡೋಣ ಅಂತ ಮುಂದುವರಿಸಿದೆ. ಕ್ರೋಮ್ ಕೂಡ ಹಾಕಿದೆ. ಚೆನ್ನಾಗಿಯೇ ಕಂಡಿತು. ಮಾರನೆ ಬೆಳಗ್ಗೆ ಉಗುರಿನಲ್ಲಿ ಒಂದು ಅಂಚನ್ನು ಕೆದಕಿದೆ. ಈರುಳ್ಳಿ ಸಿಪ್ಪೆಯ ಹಾಗೆ ಪಟ್ಟಿಪಟ್ಟಿಯಾಗಿ ಎದ್ದು ಬಂತು.

ಮತ್ತೆ ಮೊದಲಿಂದ. ಮತ್ತೆ ಆಸಿಡ್, ಮತ್ತೆ ಉಲ್ಟಾ ಕರೆಂಟು, ಮತ್ತೆ ಆಸಿಡ್. ಎರಡನೆಯ ಸಲ ಕರೆಂಟು ಆಫೀಸಿನ ಲೈನ್‌ಮನ್ ಒಬ್ಬನನ್ನು ಕೇಳಿ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಖಾತ್ರಿ ಇರುತ್ತದೆ ಅಂತ ತಿಳಿದುಕೊಂಡು ಬೆಳಗಿನ ಜಾವವೇ ತೊಟ್ಟಿಗೆ ಇಳಿಸಿದೆ. ನಿಕಲ್ ಒಂದು ಗಂಟೆ. ಕ್ರೋಮ್ ಐದು ನಿಮಿಷ. ಕ್ರೋಮ್ ತೊಟ್ಟಿಯ ಹಳದಿ ಹೊಗೆ ಮೂಗಿನೊಳಗೆ ಸೂಜಿ ಚುಚ್ಚಿದ ಹಾಗೆ ಉರಿಯುತ್ತಿತ್ತು. ಮೇಲೆತ್ತಿ ನೀರಿಗೆ ಅದ್ದಿ ಹಿಡಿದೆ. ಶೆಡ್ಡಿನ ಬಾಗಿಲು, ಬಾಗಿಲಾಚೆಯ ಓಣಿ, ಓಣಿಯಲ್ಲಿ ಹೋಗುತ್ತಿದ್ದ ಎಮ್ಮೆ, ಎಲ್ಲಾ ಬಾಗಿಕೊಂಡು ಅದರಲ್ಲಿ ಕಂಡವು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಕೊಕ್ಕೆಗಳನ್ನು ಒರೆಸಿ ಇಡುವಾಗ ಬೆಂಗಳೂರಿನ ಮೇಸ್ತ್ರಿಯ ಮಾತು ನೆನಪಾಯಿತು. ಹದ ಹಾಕಿದ ಉಕ್ಕಿನ ಸಾಮಾನು, ಅದರಲ್ಲೂ ಸ್ಪ್ರಿಂಗುಗಳು ಬಂದರೆ, ಪ್ಲೇಟಿಂಗ್ ಆದ ಕೂಡಲೇ ಅವುಗಳನ್ನು ಅವರು ಒಂದು ಓವನ್ನಿನಲ್ಲಿ ಅರ್ಧ ದಿನ ಇಡುತ್ತಿದ್ದರು. "ಆಸಿಡ್ ಕುಡಿದ ಉಕ್ಕು ಗಾಜಾಗುತ್ತೆ. ಬೇಯಿಸಿದರೆ ಕುಡಿದದ್ದನ್ನು ಕಕ್ಕುತ್ತೆ," ಅನ್ನುತ್ತಿದ್ದರು. ನನ್ನ ಹತ್ತಿರ ಓವನ್ ಇರಲಿಲ್ಲ. ಸೈಕಲ್ ಹ್ಯಾಂಡಲ್ಲಿಗೆ ಅದರ ಅಗತ್ಯವೂ ಬಿದ್ದಿರಲಿಲ್ಲ. ಇಷ್ಟು ದಪ್ಪದ ಕೊಕ್ಕೆಗೆ ಏನಾಗುತ್ತೆ ಅಂದುಕೊಂಡೆ. ಹಬ್ಬಕ್ಕೆ ನಾಲ್ಕೇ ದಿನ ಉಳಿದಿತ್ತು. ನೆನಪಾಗಲಿಲ್ಲ ಅಂದರೆ ಸುಳ್ಳು. ನೆನಪಾಯಿತು, ಪಕ್ಕಕ್ಕೆ ತಳ್ಳಿದೆ.

ಮಾರನೆಯ ದಿನ ಡ್ರೈವರಣ್ಣ ಬಂದ. ಹೊಸ ಬೋಲ್ಟು ಹಾಕಿ ಕೂರಿಸಿದೆವು. ಅವನು ಹಿಂದಕ್ಕೆ ಹತ್ತು ಹೆಜ್ಜೆ ಹೋಗಿ ನೋಡಿದ, ಬಗ್ಗಿ ನೋಡಿದ, ಟವೆಲ್ಲಿನಿಂದ ಕಣ್ಣೊರೆಸಿಕೊಂಡು ಮತ್ತೆ ನೋಡಿದ. "ಬಾರಪ್ಪ, ಅಮ್ನೋರ ಮನೇಲಿ ಊಟ ಮಾಡ್ಕಂಡು ಬರೀವಂತೆ. ನಿನ್ನ ಕೈಯಿಂದ್ಲೇ ತೋರ್ಸು," ಅಂದ. ಅಂಗಡಿ ಮುಚ್ಚಿ ಹತ್ತಿದೆ.

ತುರುವೇಕೆರೆ ದಾಟಿ, ಅವರ ಹಳ್ಳಿಗೆ ಇನ್ನೊಂದು ಮೈಲಿ ಇರುವಾಗ ಕೆರೆ ಕೋಡಿಯ ಹಳ್ಳ. ಮಳೆ ಬಂದು ಹೋಗಿತ್ತು. ಹಳ್ಳದ ನಡುವೆ ತೆಂಗಿನಕಾಯಿ ತುಂಬಿದ ಒಂದು ಎತ್ತಿನ ಗಾಡಿ ಅಚ್ಚಿನವರೆಗೆ ಹೂತು ನಿಂತಿತ್ತು. ಗಾಡಿಯವನು ಎತ್ತುಗಳನ್ನು ಬಿಚ್ಚಿ ಆಚೆ ದಡದಲ್ಲಿ ಕಟ್ಟಿ, ತಲೆ ಮೇಲೆ ಕೈ ಹೊತ್ತು ಕೂತಿದ್ದ. ನಮ್ಮ ಗಾಡಿ ಕಂಡದ್ದೇ ಎದ್ದು ನಿಂತ.

"ಬಂತು ನೋಡ್ಲಾ ಹೊಸ ಹುಕ್ಕಿಗೆ ಮೊದಲ್ನೇ ಕೆಲ್ಸ!" ಅಂದ ಡ್ರೈವರಣ್ಣ. ಪಿಕಪ್ಪನ್ನು ಹಿಂದು ಮುಂದಾಗಿ ನಿಲ್ಲಿಸಿದ. ಸೀಟಿನ ಕೆಳಗಿನ ಸರಪಳಿಗೆ ಕೈ ಹಾಕಿದವನು ಅರೆಗಳಿಗೆ ಯೋಚಿಸಿ ಬಿಟ್ಟ. "ಇವತ್ತು ಸರಪಳಿ ಬ್ಯಾಡ ಬುಡು. ಹೊಳಪು ಗೀಚ್ತದೆ. ಅಮ್ನೋರು ನೋಡೋ ಗಂಟ ಹಂಗೇ ಇರ್ಲಿ." ಗಾಡಿಯವನ ಹತ್ತಿರ ತೋಳಿನ ದಪ್ಪದ ನಾರಿನ ಹಗ್ಗವಿತ್ತು. ಅದರ ಒಂದು ತುದಿಯನ್ನು ಗಾಡಿಯ ಅಚ್ಚಿಗೆ ಬಿಗಿದು, ಇನ್ನೊಂದನ್ನು ಕುಣಿಕೆ ಮಾಡಿ ಎಡಗಡೆಯ ಕೊಕ್ಕೆಗೆ ಸಿಕ್ಕಿಸಿದೆವು. ಗಾಡಿಯವನು ಚಕ್ರಕ್ಕೆ ಹೆಗಲು ಕೊಟ್ಟ. ನಾನು ದಡದ ಮೇಲೆ ನಿಂತಿದ್ದೆ.

ಹಗ್ಗ ಬಿಗಿಯಾಯಿತು, ನೀರು ಸೋರಿಸಿಕೊಂಡು ಉದ್ದವಾಯಿತು. ಚಕ್ರ ಒಂದು ಗೇಣು ಎದ್ದಿತು, ನಿಂತಿತು. ಪಿಕಪ್ಪು ಗುರುಗುಟ್ಟಿತು. ಆಗ ಒಂದು ಸದ್ದು ಬಂತು. ದೊಡ್ಡ ಸದ್ದೇನಲ್ಲ. ಒಣಗಿದ ಕರಟ ಒಡೆದ ಹಾಗೆ, ಅಷ್ಟೆ.

ಏನಾಯಿತು ಅಂತ ನನ್ನ ಕಣ್ಣಿಗೆ ಕಾಣಲಿಲ್ಲ. ಮುರಿದ ಕೊಕ್ಕೆಯ ತುಂಡನ್ನು ಹೊತ್ತುಕೊಂಡು ಹಗ್ಗ ಹಿಂದಕ್ಕೆ ಚಿಮ್ಮಿತ್ತು. ಗಾಡಿಯವನ ಹೆಗಲ ಮೇಲಿದ್ದ ಟವೆಲ್ಲು ಎರಡು ತುಂಡಾಗಿ ನೀರಿಗೆ ಬಿದ್ದಿತ್ತು. ಕಬ್ಬಿಣದ ತುಂಡು ಅವನ ಕಿವಿಯ ಪಕ್ಕದಿಂದ ಹಾದು ಕಾಯಿಯ ರಾಶಿಗೆ ನುಗ್ಗಿ ನಾಲ್ಕು ಕಾಯಿ ಚೂರು ಮಾಡಿತ್ತು. ಒಡೆದ ಕಾಯಿಯ ನೀರು ಅವನ ಕುತ್ತಿಗೆ ಮೇಲೆ ಬೆಚ್ಚಗೆ ಹರಿದಾಗ ಅವನು ಅದನ್ನು ರಕ್ತ ಅಂದುಕೊಂಡ. "ಅಯ್ಯೋ ಸತ್ತೆ ಕಣ್ರಪ್ಪೋ!" ಅಂತ ಕೂಗಿ ಕೂತುಬಿಟ್ಟ. ನಾನೂ ಡ್ರೈವರಣ್ಣನೂ ನೀರಿಗೆ ಹಾರಿ ಅವನ ತಲೆ, ಕುತ್ತಿಗೆ, ಬೆನ್ನೆಲ್ಲಾ ಸವರಿ ನೋಡಿದೆವು. ಒಂದು ತರಚುಗಾಯವೂ ಇರಲಿಲ್ಲ. ಒಂದು ಗೇಣು ಈ ಕಡೆಗೆ ಬಂದಿದ್ದರೆ ಅವನ ತಲೆ ಇರುತ್ತಿರಲಿಲ್ಲ.

ಕಾಯಿ ರಾಶಿಯಿಂದ ಆ ತುಂಡನ್ನು ನಾನೇ ಹುಡುಕಿ ತೆಗೆದೆ. ಮುರಿದ ಜಾಗ ನೋಡಿದೆ. ಒಳ್ಳೆ ಉಕ್ಕು ಮುರಿಯುವ ಮುಂಚೆ ಬಾಗುತ್ತದೆ, ಹಿಗ್ಗುತ್ತದೆ, ಮುರಿದ ಕಡೆ ನಾರು ನಾರಾಗಿ ಕಾಣುತ್ತದೆ. ಇದು ಒಂದಿಷ್ಟೂ ಬಾಗಿರಲಿಲ್ಲ. ಮುರಿದ ಮುಖ ಕಲ್ಲುಸಕ್ಕರೆಯ ಹಾಗೆ ಹರಳು ಹರಳಾಗಿ ಮಿನುಗುತ್ತಿತ್ತು. ಹೊರಗಿನ ಕ್ರೋಮ್‌ಗೆ ಏನೂ ಆಗಿರಲಿಲ್ಲ.

ಅಷ್ಟು ಹೊತ್ತಿಗೆ ಹಳ್ಳಿಯಿಂದ ನಾಲ್ಕೈದು ಜನ ಬಂದಿದ್ದರು. ಕಾಯಿ ಇಳಿಸಿ ಗಾಡಿಯನ್ನು ಕೈಯಲ್ಲೇ ತಳ್ಳಿ ದಡಕ್ಕೆ ತಂದೆವು. "ಎಂಗಾಯ್ತು?" ಅಂತ ಒಬ್ಬರು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ಡ್ರೈವರಣ್ಣ ಹೇಳಿದ: "ನಂದೇ ತಪ್ಪು. ಜಗ್ಗಿಬುಟ್ಟೆ."

ಅಮ್ನೋರ ಮನೆಯ ಜಗಲಿಯ ಮೇಲೂ ಅದನ್ನೇ ಹೇಳಿದ. ಅವರು ಮುರಿದ ತುಂಡನ್ನು ಕೈಯಲ್ಲಿ ಹಿಡಿದು ನೋಡುತ್ತಾ ಕೂತರು. ಊರಿನವರಲ್ಲಿ ಒಬ್ಬರು, "ವಯಸ್ಸಾಯ್ತು ಬುಡಿ ಅಮ್ನೋರೆ, ಕಾಲು ಮೊದ್ಲಿನಂಗೆ ಹತೋಟಿಗೆ ಬರಕಿಲ್ಲ," ಅಂದರು. ಅಮ್ನೋರು ತುಂಡನ್ನು ಕೆಳಗಿಟ್ಟು ಕೈ ಚಾಚಿದರು.

"ಕೀ ಇಲ್ಲಿ ಕೊಡಪ್ಪ. ಹಬ್ಬ ಕಳೀಲಿ. ಇನ್ಯಾರಾದ್ರೂ ಸಿಗ್ತಾರಾ ನೋಡಾಣ. ನಿಂಗೆ ತೋಟದಲ್ಲೇ ಏನಾದ್ರೂ ಕೆಲ್ಸ ಕೊಡ್ತೀನಿ."

ಡ್ರೈವರಣ್ಣ ಕೀ ಕೊಟ್ಟ. ಇಪ್ಪತ್ತು ವರ್ಷ ಆ ಕೀ ಅವನ ಸೊಂಟದ ದಾರದಲ್ಲಿ ಇತ್ತಂತೆ. ದಾರದಿಂದ ಬಿಚ್ಚಲು ಬಾರದೆ ಹಲ್ಲಿನಲ್ಲಿ ಕಚ್ಚಿ ಬಿಚ್ಚಿದ.

ನನಗೆ ಊಟಕ್ಕೆ ಎಲೆ ಹಾಕಿದರು. ಮುದ್ದೆ, ಹುರುಳಿಕಾಳಿನ ಸಾರು, ಕಾಯಿ ಚಟ್ನಿ. ನಾನು ಉಂಡೆ. ಉಣ್ಣುವಷ್ಟು ಹೊತ್ತೂ ಬಾಯಿ ಬಿಡಲಿಲ್ಲ. ಆ ಊಟದ ನಾಚಿಕೆ ಇನ್ನೂ ಹೋಗಿಲ್ಲ. ಇನ್ನೂ ಎರಡು ವರ್ಷ ತುಂಬಿರದ ಅಂಗಡಿ. ನನ್ನ ಪ್ಲೇಟಿಂಗ್‌ನಿಂದ ಒಬ್ಬ ಸಾಯುತ್ತಿದ್ದ ಅನ್ನುವ ಮಾತು ಸಂತೆಗೆ ಮುಟ್ಟಿದರೆ ಒಂದು ಸೈಕಲ್ ಬೆಲ್ಲೂ ನನ್ನ ಬಾಗಿಲಿಗೆ ಬರುವುದಿಲ್ಲ. ಹೇಗೂ ಅವನೇ ಒಪ್ಪಿಕೊಂಡಿದ್ದಾನೆ, ಅಮ್ನೋರು ಅವನನ್ನು ಕೈಬಿಡುವುದಿಲ್ಲ, ಹೀಗೆಲ್ಲಾ ಯೋಚಿಸಿದೆ. ಕೈ ತೊಳೆಯಲು ಹಿತ್ತಲಿಗೆ ಹೋದೆ. ಡ್ರೈವರಣ್ಣ ಅಲ್ಲಿ ಬಾವಿಕಟ್ಟೆಯ ಹತ್ತಿರ ಕೂತು, ಉಳಿದಿದ್ದ ಒಂದು ಕೊಕ್ಕೆಯನ್ನು ಒರೆಸಲು ತಂದಿದ್ದ ಮೆತ್ತನೆ ಬಟ್ಟೆಯನ್ನು ಒಗೆದು ಹಿಂಡುತ್ತಿದ್ದ. ನಾನು ಹೇಳಿಕೊಟ್ಟಿದ್ದ ಹಾಗೆ ಹೊಸ ಬಟ್ಟೆಯೇ ತಂದಿದ್ದ.

ವಾಪಸು ಜಗಲಿಗೆ ಬಂದು ಅಮ್ನೋರ ಮುಂದೆ ನಿಂತೆ.

"ಅಮ್ಮಾ, ಹುಕ್ಕು ಮುರಿದದ್ದು ಡ್ರೈವರಣ್ಣನಿಂದ ಅಲ್ಲ. ನನ್ನಿಂದ."

ಆಸಿಡ್ ವಿಷಯ, ಮೂರು ಮೂರು ಸಲ ಮುಳುಗಿಸಿದ ವಿಷಯ, ಬೇಯಿಸಬೇಕಿತ್ತು ಅನ್ನುವ ವಿಷಯ ಎಲ್ಲಾ ಹೇಳಿದೆ. ಕಲ್ಲುಸಕ್ಕರೆಯಂಥ ಮುರಿದ ಮುಖವನ್ನು ತೋರಿಸಿದೆ.

"ನಿಂಗೆ ಇದು ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು ಅಮ್ಮಾ."

"ಬೇಯ್ಸಕ್ಕೆ ಎಷ್ಟೊತ್ತು ಹಿಡೀತಿತ್ತು?"

"ಅರ್ಧ ದಿನ."

"ಅರ್ಧ ದಿನ," ಅಂದರು ಅವರು ಮೆಲ್ಲಗೆ. ಬಯ್ದಿದ್ದರೆ ತಡೆದುಕೊಳ್ಳಬಹುದಿತ್ತು. ಆಮೇಲೆ ಅಂಗಳದ ಕಡೆ ಕೈ ತೋರಿಸಿದರು. "ಗಾಡಿಯೋನು ಅಲ್ಲೇ ಕೂತವ್ನೆ. ನನಗೆ ಹೇಳಿದ್ನೇ ಅವ್ನಿಗೂ ಹೇಳ್ಬಾ."

ಹೋಗಿ ಹೇಳಿದೆ. ಅವನಿಗೆ ಆಸಿಡ್ಡಿನ ಮಾತು ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. "ನನ್ನ ಟವೆಲ್ಲು ಹೊಸ್ದು ಕಣ್ರೀ," ಅಂದ. ನನ್ನ ಹೆಗಲ ಮೇಲಿದ್ದ ಟವೆಲ್ಲನ್ನೇ ಕೊಟ್ಟೆ.

ಅಮ್ನೋರು ಡ್ರೈವರಣ್ಣನನ್ನು ಕರೆದು ಕೀ ವಾಪಸು ಕೊಟ್ಟರು. ಅವನು ತಗೊಂಡ, ಆದರೆ ಮುಖ ಗಂಟುಹಾಕಿಕೊಂಡಿದ್ದ. ಹೊರಗೆ ಬಂದ ಮೇಲೆ ನನ್ನ ಮೇಲೆ ಎಗರಿದ.

"ನಿನ್ನ ಯಾರ್ಲಾ ಹೇಳು ಅಂದಿದ್ದು? ನಾನು ಒಪ್ಕಂಡಿದ್ದೆ, ಮುಗ್ದೋಗಿತ್ತು. ಇಪ್ಪತ್ತು ವರ್ಸದಲ್ಲಿ ಅಮ್ನೋರ ಮುಂದೆ ಒಂದು ಸುಳ್ಳಾಡಿದೋನಲ್ಲ ನಾನು. ಇವತ್ತು ನನ್ನ ಸುಳ್ಳುಗಾರನ ಮಾಡ್ಬುಟ್ಟೆ."

"ನಿಮ್ಮನ್ನ ಕೆಲಸದಿಂದ ತೆಗೀತಿದ್ರು ಅಣ್ಣಾ..."

"ತೆಗೀತಿದ್ರೆ ತೆಗೀತಿದ್ರು. ಹೋಗು."

ಆಮೇಲೆ ಅವನು ನನ್ನ ಜೊತೆ ಮಾತು ಬಿಟ್ಟ.

ಹಬ್ಬಕ್ಕೆ ಮೂರು ದಿನ. ಮತ್ತೆ ಕ್ರೋಮ್ ಹಾಕುವ ಧೈರ್ಯ ನನಗಿರಲಿಲ್ಲ. ಅಮ್ನೋರಿಗೆ ಹೇಳಿದೆ: ಎಳೆಯುವ ಕೊಕ್ಕೆ ಆಸಿಡ್ ಮುಟ್ಟಬಾರದು, ಹೊಳಪು ಬೇಕಾದರೆ ಬಂಪರಿಗೆ ಹಾಕಿಕೊಡುತ್ತೇನೆ, ಕೊಕ್ಕೆ ಕಪ್ಪಗೇ ಇರಬೇಕು. ಅವರು ಹೂಂ ಅಂದರು. ಉಳಿದಿದ್ದ ಬಲಗಡೆಯ ಕೊಕ್ಕೆಯನ್ನೂ ಬಿಚ್ಚಿಸಿದೆ. ಅದು ಮುರಿಯುತ್ತಿರಲಿಲ್ಲವೇನೋ. ಆದರೆ ಏನೋ ಅನ್ನುವ ಮಾತಿನ ಮೇಲೆ ಇನ್ನೊಮ್ಮೆ ಹಗ್ಗ ಹಾಕಲು ನನಗೆ ಇಷ್ಟವಿರಲಿಲ್ಲ.

ಎಡಗಡೆಯ ಕೊಕ್ಕೆ ಮಾಡಿದ್ದ ಆಚಾರ್ರು ಅದೇ ಊರಿನಲ್ಲಿದ್ದರು. ಮುರಿದ ತುಂಡನ್ನು ಅವರ ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ನಾ ಕೊಟ್ಟಾಗ ಇದು ಉಕ್ಕಾಗಿತ್ತಲ್ಲಪ್ಪ," ಅಂದರು. ಅಷ್ಟೇ ಅಂದದ್ದು. ಆಮೇಲೆ ಸುತ್ತಿಗೆ ತೋರಿಸಿದರು. "ಹೊಡೀತೀಯಾ?"

ಎರಡು ದಿನ ಅವರ ಕುಲುಮೆಯ ಮುಂದೆ ದೊಡ್ಡ ಸುತ್ತಿಗೆ ಹೊಡೆದೆ. ಈ ಸಲ ಅವರು ಆಕ್ಸಲ್ ತಗೊಳ್ಳಲಿಲ್ಲ. ಬಾಗುವಂಥ ಮೆದು ಕಬ್ಬಿಣದ ದಪ್ಪ ಸರಳು ತಗೊಂಡರು, ಮೊದಲಿನದಕ್ಕಿಂತ ಎರಡು ನೂಲು, ಅಂದರೆ ಕಾಲು ಇಂಚು, ಜಾಸ್ತಿ. ಅವರು ಇಕ್ಕಳದಲ್ಲಿ ಹಿಡಿದು ಸಣ್ಣ ಸುತ್ತಿಗೆಯಿಂದ ಜಾಗ ತೋರಿಸುವುದು, ನಾನು ಅಲ್ಲಿ ಹೊಡೆಯುವುದು. ಜಾಗ ತಪ್ಪಿದರೆ ಬಯ್ಯುತ್ತಿರಲಿಲ್ಲ, ಅದೇ ಜಾಗವನ್ನು ಇನ್ನೊಮ್ಮೆ ತಟ್ಟಿ ತೋರಿಸುತ್ತಿದ್ದರು. ಕೊಕ್ಕೆಯ ಬಾಗು ಬಂದ ಮೇಲೆ ನೀರಿಗೆ ಅದ್ದಲಿಲ್ಲ, ಬೂದಿಯಲ್ಲಿ ಹೂತು ತಾನಾಗಿ ಆರಲು ಬಿಟ್ಟರು. ಎರಡು ಮಾಡುವ ಕಡೆ ಮೂರು ಮಾಡಿದೆವು. ಮೂರನೆಯದನ್ನು ಅಡಿಗಲ್ಲಿನ ಮೇಲಿಟ್ಟು ನನ್ನ ಕೈಯಲ್ಲಿ ಬಡಿಸಿದರು. ಬಾಯಿ ತೆರೆದುಕೊಂಡು ನೆಟ್ಟಗಾಯಿತೇ ಹೊರತು ಬಿರುಕು ಬಿಡಲಿಲ್ಲ. "ಹಿಂಗಿರ್ಬೇಕು," ಅಂದರು. "ಸೋಲೋ ಮುಂಚೆ ಹೇಳ್ಬೇಕು."

ಕೊನೆಗೆ ಎರಡನ್ನೂ ಮಬ್ಬುಗೆಂಪು ಬರುವಷ್ಟು ಕಾಯಿಸಿ, ಬಣ್ಣ ಇಳಿದು ಕಪ್ಪಾಗುವ ಹೊತ್ತಿಗೆ ಕೊಬ್ಬರಿ ಎಣ್ಣೆಯಲ್ಲಿ ಅದ್ದಿದರು. ಭುಸ್ಸೆಂದು ಹೊಗೆ ಎದ್ದಿತು. ಕುಲುಮೆಯೆಲ್ಲಾ ಕಾಯಿ ಹುರಿದ ವಾಸನೆ. ಹಾಗೆ ಮೂರು ಸಲ. ಎಣ್ಣೆ ಕಬ್ಬಿಣಕ್ಕೆ ಸುಟ್ಟು ಅಂಟಿಕೊಂಡು, ದೋಸೆಹಂಚಿನಂಥ ಕಪ್ಪು ಬಂತು.

ಹಬ್ಬದ ಹಿಂದಿನ ಸಂಜೆ ನಾನೇ ಗಾಡಿಗೆ ಕೂರಿಸಿದೆ. ಡ್ರೈವರಣ್ಣ ಬೋಲ್ಟು ಎತ್ತಿ ಕೊಟ್ಟ. ಅಮ್ನೋರು ಬಂದು ನೋಡಿದರು. ಬೇಸರ ಆಗಿರಲೇಬೇಕು. ಬಗ್ಗಿ ಒಂದು ಬೆರಳಿನಿಂದ ಸವರಿದರು.

"ಕರೀದಾದ್ರೆ ಏನಾಯ್ತು. ಕುಂಕುಮ ಇಟ್ರೆ ಎದ್ದು ಕಾಣ್ತದೆ," ಅಂದು ಒಳಗೆ ಹೋದರು.

ನನ್ನ ಅಂಗಡಿಗೆ ಏನೂ ಆಗಲಿಲ್ಲ ಅಂತ ಹೇಳಲಾರೆ. ಮಾತು ಹರಡಿತು. ಮೂರ್ನಾಲ್ಕು ತಿಂಗಳು ತೊಟ್ಟಿಗೆ ಉರಿ ಹಾಕದ ದಿನಗಳೇ ಜಾಸ್ತಿ. ಆಮೇಲೆ ನಿಧಾನಕ್ಕೆ ಜನ ಬಂದರು. ಹದದ ಉಕ್ಕು ಬಂದರೆ ತಗೊಳ್ಳುವ ಮುಂಚೆಯೇ, 'ಒಂದು ದಿನ ಹೆಚ್ಚಿಗೆ ಬೇಕು' ಅನ್ನುತ್ತಿದ್ದೆ. ಬಸ್‌ಸ್ಟ್ಯಾಂಡಿನ ಹತ್ತಿರದ ಬೇಕರಿಯವರನ್ನು ಒಪ್ಪಿಸಿ, ಬೆಳಗಿನ ಬನ್ನು ತೆಗೆದ ಮೇಲೆ ಅವರ ಒಲೆಯಲ್ಲಿ ನನ್ನ ಸ್ಪ್ರಿಂಗುಗಳನ್ನು ಇಡುತ್ತಿದ್ದೆ. ಸಂಜೆ ಹೋಗಿ ತೆಗೆದರೆ ಅವುಗಳಿಗೆ ಏಲಕ್ಕಿ ವಾಸನೆ ಹತ್ತಿರುತ್ತಿತ್ತು. ಗಿರಾಕಿಗಳು ಮೂಸಿ ನೋಡಿ ನಗುತ್ತಿದ್ದರು. ನಾನು ತೊಟ್ಟಿಗಳನ್ನು ಮಾರಿ ಬೇರೆ ಕೆಲಸಕ್ಕೆ ಇಳಿಯುವವರೆಗೂ ಅದನ್ನು ತಪ್ಪಿಸಲಿಲ್ಲ.

ಹಬ್ಬವಾಗಿ ಹತ್ತು ದಿನದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಲು ಬಸ್ಸಿನಲ್ಲಿ ಅವರ ಊರಿಗೆ ಹೋಗಿದ್ದೆ. ಕೆಲಸ ಮುಗಿಸಿ ಕೈ ಒರೆಸಿಕೊಳ್ಳುತ್ತಿರುವಾಗ, ಕೋಡಿ ಹಳ್ಳದಲ್ಲಿ ಗೊಬ್ಬರದ ಟ್ರಾಕ್ಟರ್ ಟ್ರೈಲರ್ ಹೂತಿದೆ ಅಂತ ಸುದ್ದಿ ಬಂತು. ಡ್ರೈವರಣ್ಣ ನನ್ನ ಮುಖ ನೋಡಲಿಲ್ಲ, ಆದರೆ ಪಿಕಪ್ಪಿನ ಎಡಗಡೆ ಬಾಗಿಲು ತೆಗೆದು ಹಿಡಿದುಕೊಂಡು ನಿಂತ. ಹತ್ತಿದೆ.

ಹಳ್ಳದಲ್ಲಿ ಅವನು ಸರಪಳಿಯನ್ನೇ ಹಾಕಿದ. ಕೊಕ್ಕೆಗೆ ಸಿಕ್ಕಿಸಿ, ಅಲ್ಲಿದ್ದವರನ್ನೆಲ್ಲಾ ದಡದ ಮೇಲೆ ತೆಂಗಿನ ಮರಗಳ ಆಚೆಗೆ ಕಳಿಸಿದ. "ಇನ್ನೂ ದೂರ ಹೋಗ್ರೀ," ಅಂತ ಎರಡು ಸಲ ಕೂಗಿದ. ನನ್ನನ್ನೂ ಕಳಿಸಿದ. ಆಮೇಲೆ ಗಾಡಿ ಹತ್ತಿ ಸರಪಳಿಯ ಸಡಿಲವನ್ನು ಗೇಣು ಗೇಣಾಗಿ ಎತ್ತಿಕೊಂಡ. ಅಷ್ಟು ನಿಧಾನವಾಗಿ ಪಿಕಪ್ಪು ಹೋಗುವುದನ್ನು ನಾನು ಮೊದಲು ಕಂಡಿರಲಿಲ್ಲ. ಟ್ರೈಲರು ಕೆಸರು ಬಿಟ್ಟು ಪಚಕ್ಕೆಂದು ಮೇಲೆ ಬಂತು. ನಾನು ಓಡಿ ಹೋಗಿ ಕೊಕ್ಕೆಯನ್ನು ಮುಟ್ಟಿ ನೋಡಿದೆ. ಒಂದು ಕೂದಲಿನಷ್ಟೂ ಬಾಗಿರಲಿಲ್ಲ.

ತುರುವೇಕೆರೆ ಬಸ್‌ಸ್ಟ್ಯಾಂಡಿನವರೆಗೆ ಅವನೇ ಬಿಡಲು ಬಂದ. ಎರಡೂ ಕಡೆ ತೋಟ, ಸಂಜೆ ಬಿಸಿಲು ಗರಿಗಳ ನಡುವಿನಿಂದ ಗಾಜಿನ ಮೇಲೆ ಬಿದ್ದು ಬಿದ್ದು ಹೋಗುತ್ತಿತ್ತು. ನಿಲ್ದಾಣ ಬಂತು. ನಾನು ಬಾಗಿಲಿಗೆ ಕೈ ಹಾಕಿದೆ. ಅವನು ಎಂಜಿನ್ ಆರಿಸಿ, ಮುಂದಕ್ಕೇ ನೋಡುತ್ತಾ ಹೇಳಿದ:

"ನಾನು ಅವತ್ತು ಸುಳ್ಳು ಹೇಳ್ಲಿಲ್ಲ ಕಣಪ್ಪ. ಚಕ್ರ ನಿಂತಾಗ ನಿಜಕ್ಕೂ ಜಗ್ಗಿದ್ದೆ. ಹೊಸ ಹುಕ್ಕು ಅಂತ, ಆಸೆಗೆ."

ತಿಪಟೂರಿನ ಬಸ್ಸು ಬಂದು ನಿಂತಿತ್ತು, ಕಂಡಕ್ಟರ್ ಕೂಗುತ್ತಿದ್ದ.

"ಇನ್ನೊಂದು ಬಸ್ಸಿಗೆ ಹೋಗ್ತೀನಿ ಅಣ್ಣಾ," ಅಂದೆ. "ಬನ್ನಿ, ಟೀ ಕುಡಿಯೋಣ."